ಧಾರವಾಡದ ಗಿರಾಕಿ

ಮಾರೇನಹಳ್ಳಿ, ಬೆಂಗಳೂರು
೧೩ ನವೆಂಬರ್ ೨೦೦೭, ಮಂಗಳವಾರ

ಪ್ರೀತಿಯ ಅಮ್ಮನಿಗೆ ನಿನ್ನ ಚೇತನಾಳ ನಮಸ್ಕಾರಗಳು.

ಫೋನಿದ್ದೂ ಕಾಗದ ಬರೆದಿದ್ದಾಳಲ್ಲ ಎಂದು ಗಾಬರಿಯಾಗಬೇಡ. ಅಥವಾ ಸ್ವಲ್ಪ ಆಗು. ಮೊನ್ನೆಯಿಂದ ನಾನೊಬ್ಬಳೇ ಆಗುತ್ತಿದ್ದೇನೆ. ಫೋನಿನಲ್ಲಿ ನೀನು "ಊಟಾ ಆತೇನವಾ?" ಎಂದೊಡನೆ ಹೇಳಬೇಕಾದದ್ದನ್ನು ಬಿಟ್ಟು ಊಟದ ವರದಿ ಒಪ್ಪಿಸಿ ಫೋನಿಟ್ಟುಬಿಡುತ್ತೇನೆ. ಆದ್ದರಿಂದ ವಿಷಯವನ್ನು ಮೊದಲೇ ಬರೆಯುತ್ತೇನೆ: ಬರುವ ಭಾನುವಾರ ಬೆಳಿಗ್ಗೆ ಅಪ್ಪ ಧಾರವಾಡದಲ್ಲಿ ನಿನ್ನ ಮನೆಯ ಬಾಗಿಲಿಗೆ ಬರುತ್ತಾರೆ. ಅದು ನಿನ್ನ ಮನೆಯೆಂಬುದು ಅವರಿಗೆ ತಿಳಿಯದು.

ಧಾರವಾಡದ ಕಾಲೇಜಿನ ಕೆಲಸಕ್ಕೆಂದು ಹೊರಟ ದಿನ ನೀನು ಅಪ್ಪನಿಗೆ "ನಿಮ್ಮ ಆಟಿಗಿ ರೈಲಿನ ಜೋಡಿನ ಸಂಸಾರ ಮಾಡ್ರಿ" ಎಂದೆಯಲ್ಲ, ಆ ಸಂಸಾರವೂ ಸುಖವಾಗಿಲ್ಲ. ರಾಜಾಜಿನಗರದ ಅಂಗಡಿಗೆ ಜನ ಬರುತ್ತಾರೆ, ಕೊಳ್ಳುವುದಿಲ್ಲ. ಕೊಳ್ಳುವವರ ಕಣ್ಣೆದುರು ಮೇಜಿನ ಹಳಿಯ ಮೇಲೆ ಓಡಿಸಿ ತೋರಿಸದೆ ಒಂದು ಎಂಜಿನ್ನನ್ನೂ ಮಾರಬಾರದೆಂಬ ಅಪ್ಪನ ಪದ್ಧತಿ ಈಗಲೂ ಹಾಗೆಯೇ ಇದೆ. ಇಂದಿನ ಗಿರಾಕಿಗಳಿಗೆ ಅದು ಪುಕ್ಕಟೆ ಪ್ರದರ್ಶನ. ಬೋಗಿ ಜೋಡಿಸಿ, ದೀಪ ಹತ್ತಿಸಿ, ಹಿಂದೆ ಮುಂದೆ ಓಡಿಸಿ ನೋಡಿ, ಮಾದರಿಯ ನಂಬರನ್ನು ಮೊಬೈಲಿನಲ್ಲಿ ಗುರುತು ಹಾಕಿಕೊಂಡು, "ನೆಟ್ಟಲ್ಲಿ ಇನ್ನೂ ಕಮ್ಮಿಗೆ ಸಿಗುತ್ತೆ ಅಂಕಲ್" ಎಂದು ಹೊರಡುತ್ತಾರೆ. "ತಗೊಳಪ್ಪ, ಓಡ್ದೇ ಇದ್ರೆ ನೆಟ್ಟಿಗೇ ಒಂದ್ ತೊಟ್ಟು ಎಣ್ಣೆ ಬಿಡು" ಎಂದು ಅಪ್ಪ ನಗುತ್ತಾರೆ. ಹಾಗೆ ಹೋದವನೊಬ್ಬ ನೆಟ್ಟಿನಲ್ಲಿ ಕೊಂಡ ಎಂಜಿನ್ ಕೆಟ್ಟಿತೆಂದು ಅಪ್ಪನ ಬಳಿಗೇ ತಂದ. ಅಪ್ಪ ಸರಿಮಾಡಿಯೂ ಕೊಟ್ಟರು! ನಾನಾಗಿದ್ದರೆ ಅವನನ್ನು ಮೆಟ್ಟಿಲನ್ನೂ ಹತ್ತಗೊಡುತ್ತಿರಲಿಲ್ಲ.

ಕಾಲಕ್ಕೆ ತಕ್ಕಂತೆ ನಾವೂ ನೆಟ್ಟಿನಲ್ಲೇ ಮಾರೋಣವೆಂದು ಹಟ ಹಿಡಿದವಳು ನಾನು. ಪ್ರತಿ ಸೆಮಿಸ್ಟರಿನಲ್ಲಿಯೂ ತರಗತಿಗೆ ಮೊದಲಿಗಳಾದವಳಿಗೆ ಒಂದು ವೆಬ್‌ಸೈಟ್ ಕಟ್ಟುವುದು ಯಾವ ಲೆಕ್ಕ? ಕಟ್ಟಿದೆ. ತಿಂಗಳು ಕಳೆದರೂ ಒಂದು ಆರ್ಡರೂ ಬರಲಿಲ್ಲ. ನಾಚಿಕೆಯನ್ನು ನುಂಗಿಕೊಂಡು ಅದನ್ನು ನಿನ್ನೊಬ್ಬಳಿಗೆ ಮಾತ್ರ ಹೇಳಿದ್ದೆ. ಮರುವಾರವೇ ಧಾರವಾಡದ ಹನುಮವ್ವ ಎಂಬುವರಿಂದ ಮೊದಲ ಆರ್ಡರ್ ಬಂತು: ಒಂದು ಗೂಡ್ಸ್ ಬೋಗಿ, ಒಂದು ಪುಟ್ಟ ಲೆವೆಲ್ ಕ್ರಾಸಿಂಗ್.

ನಿನ್ನ ಮನೆಯ ಒಡತಿಯ ಹೆಸರು, ನಿನ್ನ ಮನೆಯ ನಂಬರು. ಪಾರ್ಸೆಲ್ಲಿಗೆ ವಿಳಾಸ ಟೈಪ್ ಮಾಡುವವಳು ನಾನೇ ಎಂದು ನಿನಗೆ ಹೊಳೆಯಲಿಲ್ಲವೆ? ಅಥವಾ ನನಗೆ ಗೊತ್ತಾಗಲೆಂದೇ ಅಷ್ಟು ಕಚ್ಚಾ ಗುಟ್ಟು ಮಾಡಿದೆಯೋ? ಮೊದಲು ನನಗೆ ಸಿಟ್ಟು ಬಂತು, ಅಮ್ಮ. ಅಮ್ಮನ ಕನಿಕರದಿಂದ ಪಾಸಾಗುವ ಪರೀಕ್ಷೆಯನ್ನು ನಾನು ಈವರೆಗೆ ಬರೆದವಳಲ್ಲ. ಸೈಟನ್ನೇ ಮುಚ್ಚಿಬಿಡಬೇಕೆಂದುಕೊಂಡೆ. ಅಷ್ಟರಲ್ಲಿ ಅಪ್ಪನ ಮುಖ ನೋಡಿದೆ.

"ಯಾರೋ ಅಜ್ಜಿ ಕಣೇ, ಮೊಮ್ಮಕ್ಕಳಿಗೆ ಅಂತ ತಗೊಂಡಿರ್ಬೇಕು" ಎಂದು ಅವರು ಆ ಬೋಗಿಯನ್ನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿ, ಹತ್ತಿಯಿಟ್ಟು, ಮದುಮಗಳನ್ನು ಕಳುಹಿಸುವಂತೆ ಕೊರಿಯರ್‌ಗೆ ಕೊಟ್ಟರು. ಅಂದಿನಿಂದ ನಿನ್ನ ಆರ್ಡರುಗಳು ನಿಂತಿಲ್ಲ, ಬೇರೆಯವರದು ಬಂದಿಲ್ಲ. "ನಿನ್ನ ಸೈಟು ಪರವಾಗಿಲ್ವೇ" ಎಂದು ಅಪ್ಪ ಅಂಗಡಿಗೆ ಬಂದವರೆದುರು ನನ್ನನ್ನು ಹೊಗಳುವಾಗ ನಾನು ತಲೆ ತಗ್ಗಿಸಿ ಹಳಿಯ ಧೂಳು ಒರೆಸುತ್ತೇನೆ. ನಾನು ವಿನಯ ಕಲಿತೆನೆಂದು ಅವರು ತಿಳಿದಿದ್ದಾರೆ.

ಮೊನ್ನೆ ನೀನು ಆರ್ಡರ್ ಮಾಡಿದ್ದು ಬೋಗಿಯನ್ನಲ್ಲ, ಉಗಿ ಎಂಜಿನ್ನನ್ನು. ಅಪ್ಪನ ಪದ್ಧತಿ ಅಡ್ಡ ಬಂದದ್ದು ಅಲ್ಲಿಯೇ. "ಬೋಗಿ ಕಳಿಸ್ಬೋದು. ಎಂಜಿನ್ ಹೆಂಗೇ ಕಳ್ಸೋದು, ಓಡ್ಸಿ ತೋರಿಸ್ದೆ? ನಾನೇ ಹೋಗ್ತೀನಿ" ಎಂದರು. ಎಂಜಿನ್ನಿನ ಫಿಲ್ಮ್ ಮಾಡಿ ಕಳುಹಿಸೋಣವೆಂದೆ. ಕೊರಿಯರ್‌ನವರು ಜೋಪಾನ ಮಾಡುತ್ತಾರೆಂದೆ. ಅಜ್ಜಿ ಊರಲ್ಲಿರುವುದಿಲ್ಲವಂತೆ ಎಂದು ಸುಳ್ಳನ್ನೂ ಹೇಳಿದೆ. "ಬರೋವರ್ಗೂ ಕಾಯ್ತೀನಿ" ಎಂದರು. ಹಳಿಯ ತುಂಡುಗಳನ್ನೂ ಟ್ರಾನ್ಸ್‌ಫಾರ್ಮರನ್ನೂ ಆಗಲೇ ಸೂಟ್‌ಕೇಸಿನಲ್ಲಿ ಜೋಡಿಸಿದ್ದಾರೆ.

ನನ್ನ ಭಯವೇನೆಂದು ನಿನಗೆ ಬಿಡಿಸಿ ಹೇಳಬೇಕಿಲ್ಲ. ಇಷ್ಟು ದಿನ ತನ್ನ ಅಂಗಡಿಗೆ ಜೀವ ಬಂದಿತೆಂದು ನಂಬಿದ್ದವರಿಗೆ, ಬಿಟ್ಟುಹೋದ ಹೆಂಡತಿ ಅಯ್ಯೋ ಪಾಪವೆಂದು ಖರೀದಿಸಿದ್ದರಿಂದ ಅದು ನಡೆಯಿತೆಂದು ಅಪರಿಚಿತ ಬೀದಿಯಲ್ಲಿ, ಕೈಯಲ್ಲಿ ಎಂಜಿನ್ ಹಿಡಿದು ನಿಂತಾಗ ತಿಳಿದರೆ? ಮರುದಿನವೇ ಅಂಗಡಿಯ ಷಟರ್ ಎಳೆಯುತ್ತಾರೆ. ನಿನ್ನ ಹೆಸರನ್ನು ಮನೆಯಲ್ಲಿ ಇನ್ನೊಮ್ಮೆ ಎತ್ತಗೊಡುವುದಿಲ್ಲ. ಈಗಲಾದರೂ ಉಪ್ಪಿನಕಾಯಿ ಹಾಕುವ ಕಾಲಕ್ಕೆ "ನಿಮ್ಮಮ್ಮ ಇದಕ್ಕೆ ಏನೇ ಹಾಕ್ತಿದ್ಲು?" ಎಂದಾದರೂ ಕೇಳುತ್ತಾರೆ.

ಯೋಚಿಸಿ ಎರಡು ದಾರಿ ಕಂಡಿದ್ದೇನೆ. ಶುಕ್ರವಾರದೊಳಗೆ ನೀನು ಸೈಟಿನಲ್ಲಿ ಆರ್ಡರ್ ರದ್ದು ಮಾಡಿದರೆ ಅಪ್ಪ ಸೂಟ್‌ಕೇಸ್ ಬಿಚ್ಚುತ್ತಾರೆ. ಬೇಸರಪಡುತ್ತಾರೆ, ಆದರೆ ಅವರ ಮಾನ ಉಳಿಯುತ್ತದೆ. ರದ್ದು ಮಾಡದಿದ್ದರೆ ಬಾಗಿಲು ತೆರೆಯಲು ಹನುಮವ್ವನವರನ್ನು ಕಳುಹಿಸಬೇಡ, ನೀನೇ ಬಾ. ಇವೆರಡರಲ್ಲಿ ಸರಿಯಾದ ಉತ್ತರ ಯಾವುದೆಂದು ನನಗೆ ತಿಳಿಯುತ್ತಿಲ್ಲ. ಹೀಗೆ ನಾನು ಯಾರ ಮುಂದೆಯೂ ಹೇಳಿದವಳಲ್ಲವೆಂಬುದು ನಿನಗೆ ಗೊತ್ತು.

ನಾನು ಆರೋಗ್ಯವಾಗಿದ್ದೇನೆ. ಅಡುಗೆ ನಡೆಯುತ್ತಿದೆ. ನಿನ್ನನ್ನು ನೆನೆಯಲು ಇಲ್ಲಿ ಯಾರಿಗೂ ಬಿಡುವಿಲ್ಲ ಎಂದು ಬರೆಯಬೇಕೆಂದಿದ್ದೆ, ಆಗಲಿಲ್ಲ.

ಉತ್ತರಕ್ಕೆ ಕಾಯುತ್ತಿರುವ ನಿನ್ನ ಮಗಳು,
ಚೇತನಾ

ತಾ.ಕ.: ಕಾಗದ ಮಡಚಿ ಡಬ್ಬಿಗೆ ಹಾಕಲು ಹೊರಟಾಗ ಅಪ್ಪ ಕ್ಷೌರದಂಗಡಿಯಿಂದ ಬಂದರು. ತಲೆಗೂ ಮೀಸೆಗೂ ಕಪ್ಪು ಬಣ್ಣ! ಬಗಲಲ್ಲಿ ಹೊಸ ಶರಟಿನ ಪೊಟ್ಟಣ. ಗಿರಾಕಿಯ ಮನೆಗೆ ಹೋಗಲು ಇದೆಲ್ಲ ಏಕೆಂದು ಕೇಳಿದೆ. ಕನ್ನಡಿಯಿಂದ ಮುಖ ತಿರುಗಿಸದೆ, "ಧಾರವಾಡದಲ್ಲಿ ಧೂಳು ಜಾಸ್ತಿ ಕಣೇ" ಎಂದರು. ಆಮೇಲೆ, "ನಿಮ್ಮಮ್ಮಂಗೆ ಪತ್ರ ತಾನೇ? ಭಾನುವಾರಕ್ಕೆ ಮುಂಚೆ ಸೇರುತ್ತೋ ಇಲ್ವೋ, ಸ್ಪೀಡ್ ಪೋಸ್ಟ್ ಮಾಡು" ಎಂದರು.

ಆರ್ಡರ್ ರದ್ದು ಮಾಡಬೇಡ, ಅಮ್ಮ.