ಭೀಮೆಯ ಸೇತುವೆ ದಾಟದ ಎರಡು ದಿನ

ಇಂಡಿ, ಇಸವಿ ಎರಡು ಸಾವಿರದ ನೂರ ಎಪ್ಪತ್ತೆಂಟು, ಅಶ್ವಯುಜ ಮಾಸದ ಮೂವತ್ತೆರಡನೆಯ ದಿನ.

ಗುರಸಿದ್ದಪ್ಪ ಮುತ್ಯಾ ಅವರಿಗೆ ನಿಮ್ಮ ಮೊಮ್ಮಗನ ಮೊಮ್ಮಗನ ಮಗ ಶಿವಯೋಗಿಯ ಶರಣಾರ್ಥಿ.

ನೀವೂ ಲಾರಿ ಇಟ್ಟವರು, ಆದ್ದರಿಂದ ಮೊದಲು ಖರ್ಚು ಹೇಳಿಬಿಡುತ್ತೇನೆ. ಹನ್ನೊಂದು ದಿನ ಗಾಡಿ ನಿಂತಿತು. ನಾಲ್ಕುನೂರು ಚೀಲ ನಿಂಬೆಹಣ್ಣು ಕೊಳೆಯಿತು. ಒಂದು ದಂಡ, ಒಂದು ಸುಳ್ಳು, ಒಬ್ಬ ಮನುಷ್ಯ. ಇಷ್ಟೆಲ್ಲ ಹೋದದ್ದು ಒಂದು ತಾಸು ಉಳಿಸಲಿಕ್ಕೆ.

ನನ್ನ ಮಾತು ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಮೇಲಿನ ತಾರೀಖು ನೋಡಿಯೇ ನಕ್ಕಿರುತ್ತೀರಿ. ನಿಮ್ಮ ಕಾಲದಲ್ಲಿ ತಿಂಗಳಿಗೆ ಮೂವತ್ತೇ ತಿಥಿ. ಆದರೆ ದೀಪಾವಳಿಯ ಅಮಾವಾಸ್ಯೆಗೆ ನಮ್ಮ ಲಾರಿಗಳ ಪರವಾನಗಿ ಕಾಗದಗಳೆಲ್ಲ ಒಟ್ಟಿಗೆ ಮುಗಿಯುತ್ತವೆ, ಪಾಡ್ಯದ ಗಾಡಿಪೂಜೆ ಬಿಟ್ಟು ಕಚೇರಿಯ ಮುಂದೆ ನಿಲ್ಲಲು ನಮ್ಮಲ್ಲಿ ಯಾರೂ ತಯಾರಿಲ್ಲ. ಕೊನೆಗೆ ಲಾರಿ ಸಂಘದವರು ಸರ್ಕಾರದ ಬೆನ್ನು ಹತ್ತಿ ಅಶ್ವಯುಜಕ್ಕೆ ಎರಡು ದಿನ ಸೇರಿಸಿಕೊಂಡರು. ಅವಕ್ಕೆ ಸೇರುದಿನ ಅನ್ನುತ್ತೇವೆ. ಆ ಎರಡು ದಿನ ಹಳೇ ಕಾಗದ ನಡೆಯುತ್ತದೆ, ಕರ್ನಾಟಕದೊಳಗೆ ಮಾತ್ರ.

ಈಗಿನ ಲಾರಿಗೆ ಸ್ಟಿಯರಿಂಗ್ ಇಲ್ಲ, ತಾನೇ ಓಡುತ್ತದೆ. ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರೆ ಏನೋ ಅಡ್ಡ ಬಂತೆಂದು ನಿಂತುಬಿಡುತ್ತದೆ, ಇದು ಪೂಜೆಯಪ್ಪಾ ಎಂದು ಅದಕ್ಕೆ ಹೇಳಬೇಕು. ಆದರೆ ನೋಂದಣಿಯಾದ ರಾಜ್ಯ ಬಿಟ್ಟು ಹೊರಗೆ ಹೋದರೆ ಒಳಗೊಬ್ಬ ನೆಲಸಾಕ್ಷಿ ಇರಲೇಬೇಕು. ಅಂದರೆ ಆ ಕಡೆಯ ರಾಜ್ಯದ ಮನುಷ್ಯ. ಕಾಗದ ನೋಡಿ, ಸರಿಯಿಲ್ಲದಿದ್ದರೆ ಮಾಲೀಕನಿಗೆ ಹೇಳುವುದು ಅವನ ಕೆಲಸ. ನನ್ನ ನೆಲಸಾಕ್ಷಿ ಸೊಲ್ಲಾಪುರದ ದಿಗಂಬರ ಮಾನೆ. ನಾನು ಗಾಲಿ ತೊಳೆಯುವ ಹುಡುಗನಾಗಿದ್ದಾಗಿನಿಂದ ಹದಿನಾಲ್ಕು ಲಾರಿಯ ಸಾಹುಕಾರನಾಗುವತನಕ ನನ್ನ ಗಾಡಿಗಳಲ್ಲಿ ಕೂತವನು.

ಹೋದ ವರ್ಷ ಇದೇ ದಿನ, ಮಹಾರಾಷ್ಟ್ರದ ಗಡಿಗಿರುವ ಧೂಳಖೇಡದ ಭೀಮಾ ಸೇತುವೆಯ ಈಚೆ ಚಹಾ ಕುಡಿಯುತ್ತ ಅವನು ಕಾಗದ ನೋಡಿದ. “ಸಾವ್ಕಾರ್ರ, ನಿಮ್ಮ ಮೂವತ್ತೆರಡು ಸೇತುವಿ ದಾಟಂಗಿಲ್ರಿ. ಆ ಕಡಿ ಇವತ್ತ ಕಾರ್ತೀಕ ಎರಡು. ಝಳಕಿ ಕಚೇರಿಗೆ ಹೋಗಿ ಹೊಸಾದು ತೊಗೊಂಬರ್ರಿ, ಒಂದ ತಾಸಿನ ಕೆಲಸ” ಅಂದ.

ನಾನು ನಿಮ್ಮ ಮಾತು ಹೇಳಿದೆ. ನಿಮ್ಮ ಲಾರಿ ನಿಮ್ಮ ಮಗನ ಕಾಲಕ್ಕೇ ಮಾರಿಹೋಯಿತು. ನಿಮ್ಮಿಂದ ನಮಗೆ ಬಂದ ಆಸ್ತಿ ಫೋನಿನಲ್ಲಿ ಉಳಿದ ಒಂಬತ್ತು ಸೆಕೆಂಡಿನ ಧ್ವನಿ ಮಾತ್ರ. ಆರ್‌ಟಿಓ ಏಜೆಂಟನಿಗೆ ನೀವು ಹೇಳುತ್ತಿದ್ದೀರಿ: “ಹಬ್ಬ ಮುಗೀಲಿ ತಗೋರಿ. ಕಾಗದಕ್ಕೇನು ಕಾಲ ಅದಾವು, ಓಡಿಹೋಗಾಕ?” ಪ್ರತಿ ಪಾಡ್ಯಕ್ಕೆ ಗಾಡಿಗೆ ಆರತಿ ಎತ್ತುವ ಮುಂಚೆ ಅದನ್ನು ಹಚ್ಚಿ ಕೇಳುತ್ತೇವೆ, ಮನೆಮಂದಿಯೆಲ್ಲ ನಗುತ್ತೇವೆ.

ದಿಗಂಬರ ನಗಲಿಲ್ಲ. “ಏನಾರ ಆದ್ರ ನಾ ಅದೀನಿ, ಹತ್ತೋ ಮಾರಾಯಾ” ಅಂದೆ. ಹತ್ತಿದ.

ಸೇತುವೆಯಾಚೆಯ ತಪಾಸಣೆ ಕಂಬ ಗಾಡಿಯನ್ನು ನಿಲ್ಲಿಸಿತು. ಆ ಕಡೆಯ ಅಧಿಕಾರಿ ಬಾಯಿಯೊಬ್ಬಳು ಬಂದು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ಸಾಕ್ಷಿ ನಿಮಗೆ ಹೇಳಿದ್ದನೋ, ಇಲ್ಲವೋ? ಹೇಳಿದ್ದ ಅಂದರೆ ನನ್ನ ಹದಿನಾಲ್ಕೂ ಗಾಡಿ ಒಂದು ವರ್ಷ ಗಡಿ ದಾಟುವಂತಿಲ್ಲ. ಹೇಳಿಲ್ಲ ಅಂದರೆ ನನಗೆ ದಂಡ, ಈ ಒಂದು ಗಾಡಿಗೆ ಕೆಲವು ದಿನದ ತಡೆ, ಅವನ ನೆಲಸಾಕ್ಷಿಯ ಬಿಲ್ಲೆ ಕಾಯಂ ರದ್ದು. ಲೆಕ್ಕದಲ್ಲಿ ನಾನು ಚುರುಕು. ಚಹಾ ಅಂಗಡಿಯ ಮಾತಿಗೆ ದಾಖಲೆ ಇಲ್ಲ ಎಂಬುದೂ ಆ ಕ್ಷಣಕ್ಕೇ ಹೊಳೆಯಿತು. “ನನಗ ಯಾರೂ ಹೇಳಿಲ್ಲ” ಅಂದೆ.

ಬಯ್ಯುತ್ತಾನೆ ಅಂದುಕೊಂಡಿದ್ದೆ. ಅವನು ಬಿಲ್ಲೆ ಬಿಚ್ಚಿ ಮೇಜಿನ ಮೇಲಿಟ್ಟು, “ಸಾವ್ಕಾರ್ರ, ಹಣ್ಣಿಗೆ ನೀರ ಹೊಡಸ್ರಿ, ಬಿಸಲ ಭಾಳ ಐತಿ” ಅಂದು ಸೊಲ್ಲಾಪುರದ ದಾರಿ ಹಿಡಿದು ನಡೆದ.

ಹೇಳಿಕೆ ತಿದ್ದಲು ಈ ಅಶ್ವಯುಜ ಮುಗಿಯುವತನಕ ಅವಕಾಶವಿತ್ತು. ಶ್ರಾವಣದಲ್ಲಿ ಹೊರಟೆ, ಮಳೆ ಅಂತ ನಿಂತೆ. ದಸರೆಯಲ್ಲಿ ಹೊರಟೆ, ಬಾಡಿಗೆ ಬಂತು. ಮೊನ್ನೆ ಅಮಾವಾಸ್ಯೆಗೆ ಅಂಗಿ ಹಾಕಿಕೊಂಡು ಅಂಗಳಕ್ಕೂ ಬಂದಿದ್ದೆ. ಅಷ್ಟರಲ್ಲಿ ಒಳಗೆ ಯಾರೋ ಮರುದಿನದ ಪೂಜೆಗೆಂದು ನಿಮ್ಮ ಧ್ವನಿ ಹಚ್ಚಿ ನೋಡಿದರು. ಹಬ್ಬ ಮುಗೀಲಿ ಅಂದುಕೊಂಡೆ. ಇವತ್ತು ಬೆಳಗ್ಗೆ ಸೇತುವೆ ದಾಟಿ ಹೋದರೆ ಅದೇ ಬಾಯಿ ಪಂಚಾಂಗ ತೋರಿಸಿ, ಮೊನ್ನೆಯೇ ಮುಗಿಯಿತಲ್ಲ ಅಂದಳು. ಈ ಸಲ ನನಗೆ ಯಾರೂ ಹೇಳಿಲ್ಲ ಅನ್ನುವಂತಿರಲಿಲ್ಲ. ಹೇಳಬೇಕಾದವನು ಹೋದ ವರ್ಷವೇ ಹೇಳಿದ್ದ.

ಅದಕ್ಕೇ ಮುತ್ಯಾ, ಒಂದು ಬಿನ್ನಹ. ಈ ಕಾಗದ ಮುಟ್ಟಿದ ದಿನ ಹಬ್ಬವೇ ಇರಲಿ, ಏಜೆಂಟನ ಹತ್ತಿರ ಆ ಒಂಬತ್ತು ಸೆಕೆಂಡು ಮಾತಾಡಬೇಡಿ. ಸುಮ್ಮನೆ ಕಾಗದ ಮಾಡಿಸಿಕೊಂಡು ಮನೆಗೆ ಹೋಗಿ. ನಿಮ್ಮ ಧ್ವನಿ ನಮಗೆ ಉಳಿಯದಿದ್ದರೂ ಅಡ್ಡಿಯಿಲ್ಲ.

ಯಾರಿಗೆ ಏನು ಬಂತು ಎಂಬುದನ್ನೂ ಬರೆದು ಮುಗಿಸುತ್ತೇನೆ. ಆ ಕಡೆಯ ಸರ್ಕಾರಕ್ಕೆ ದಂಡ. ಗಾಡಿ ನಿಲ್ಲಿಸಿಕೊಂಡವರಿಗೆ ಹನ್ನೊಂದು ದಿನದ ಬಾಡಿಗೆ. ಕೊಳೆತ ನಿಂಬೆ ಒಯ್ದ ರೈತನಿಗೆ ಗೊಬ್ಬರ. ನನಗೆ ಹದಿನಾಲ್ಕೂ ಲಾರಿ. ದಿಗಂಬರನಿಗೆ ಏನೂ ಇಲ್ಲ.