ರೊಟ್ಟಿ ಗಂಟಿನ್ಯಾಗಿನ ಫೋಟೋ

ದಾದರ, ಮುಂಬೈ
ಶುಕ್ರವಾರ, ೧೩ ಜೂನ್ ೨೦೨೫

ಮಾಸುಮಬಿ ಖಾಲಾ ಅವರಿಗಿ,

ನಿಮ್ಮ ದೀಪಾಲಿ ನಮಸ್ಕಾರನೂ ಮಾಡತಾಳ, ಸಲಾಮೂ ಹೇಳತಾಳ. ಎರಡೂ ತಗೋರಿ, ಈ ಸಲ ಒಂದಕ್ಕ ಮುಗಿಯೂದಿಲ್ಲ.

ಫೋನ್ ಇರೂವಾಗ ಈ ಹುಡುಗಿ ಪತ್ರ ಯಾಕ ಬರದಾಳ ಅಂತೀರಿ. ನಿಮ್ಮ ಫೋನಿಗಿ ಹಚ್ಚಿದ್ರ ಕಾಸೀಂ ಕಾಕಾ ಎತ್ತತಾರ, ಸ್ಪೀಕರ್ ಮ್ಯಾಲೆ ಹಾಕತಾರ, ಗಾದಿ ಹೊಲಸಾಕ ಬಂದ ಗಿರಾಕಿ ಸೈತ ನಮ್ಮ ಮಾತಿಗಿ ಹೂಂ ಅಂತೈತಿ. ಇದು ನಿಮಗಷ್ಟ ಹೇಳೂ ಮಾತು. ಕರಜಗಿ ಅಮಜದ ಇಲ್ಲಿಗಿ ದಾಳಿಂಬ್ರಿ ಗಾಡಿ ತಂದಾನ, ಇವತ್ತ ಹೊಳ್ಳಿ ಹೊಂಟಾನ, ಅವನ ಕೈಯಾಗ ಕಳಸೇನಿ. ನೀವು ಸೋನ್ಯಾಳದ ಕನ್ನಡ ಸಾಲ್ಯಾಗ ಏಳನೇತ್ತಾ ಪಾಸಾದವರು, ನನ್ನ ಕೆಟ್ಟ ಅಕ್ಷರ ಓದಾಕ ತ್ರಾಸ ಆಗೂದಿಲ್ಲ. ಕಾಕಾ ನಮಾಜಿಗಿ ಹೋದಾಗ ಕುಂತು ಓದ್ರಿ. ಸುದ್ದಿ ಚಲೋನ ಐತಿ, ಆದ್ರ ನಡುವ ಬಿಟ್ಟು ಕಡೀ ಹಾಳಿ ನೋಡಬ್ಯಾಡ್ರಿ, ನಿಮ್ಮ ಸ್ವಭಾವ ನನಗ ಗೊತ್ತೈತಿ.

ನಾ ಹೊಂಡೂ ಮುಂದ ಕಾಕಾ ಏನಂದಿದ್ರು ನೆನಪೈತಿಲ್ಲ? ಮುಂಬೈದಿಂದ ಒಂದಾದ್ರೂ ಕೆಲಸ ಬಂದ್ರ ಮಗಳು ಸುಲತಾನಾ ಕ್ಯಾಮೆರಾ ಹಿಡೀಲಿ, ಬರಲಿಲ್ಲಂದ್ರ ಬರೂ ಒಂದನೇ ತಾರೀಖಿಗಿ ಜತ್ತದ ಪತಸಂಸ್ಥೆದಾಗ, ಆ ಸಾಲ ಕೊಡೂ ಸೊಸಾಯಿಟ್ಯಾಗ, ಕ್ಲಾರ್ಕ್ ಆಗಿ ಕೂಡಲಿ ಅಂದಿದ್ರು. ಅರ್ಜ ಪೂರಾ ತುಂಬಿ, ಸಹಿ ಅಷ್ಟ ಬಾಕಿ ಇಟ್ಟಿದ್ರು. ಸುಲತಾನಾ ಬಸ್ ಸ್ಟ್ಯಾಂಡಿಗಿ ಬಂದು ತನ್ನ ಆಲ್ಬಮ್ ನನ್ನ ಕೈಯಾಗ ಕೊಟ್ಟು, ಅದರ ಪಟ್ಟಿ ಗಟ್ಟಿ ಆಗೇತಿಲ್ಲೋ ಅಂತ ಮೂರು ಸಲ ನೋಡಿದ್ಲು.

ನನ್ನ ಕೆಲಸ ಏನಂತ ನೀವು ಎಷ್ಟೋ ಸಲ ಕೇಳೀರಿ, ನಾನೂ ಪ್ರತಿ ಸಲ ನಕ್ಕು ಬಿಟ್ಟೇನಿ. ಮದುವಿಗಿ ಮೊದಲ ಪುಣೆದಾಗ ಒಂದು ಜಾಹೀರಾತು ಏಜೆನ್ಸಿಯೊಳಗ ನಾಕು ವರ್ಷ ದುಡದಾಕಿ ನಾನು. ಫೋಟೋ ತಗಿಯಾವರ ಚಲೋ ಚಲೋ ಫೋಟೋ ಆರಿಸಿ ದೊಡ್ಡ ಆಲ್ಬಮ್ ಮಾಡಿ, ಇಂಥ ಏಜೆನ್ಸಿಗಿ ಹೊತ್ತು ತಂದು ತೋರಸೋದು, ಅವರಿಗಿ ಕೆಲಸ ಹಿಡದು ಕೊಡೋದು, ಇದ ನನ್ನ ಉದ್ಯೋಗ. ಈ ಸಲ ಮೂರು ಆಲ್ಬಮ್ ತಂದಿದ್ದೆ. ಒಂದು ನಮ್ಮನಿಯವರದು, ಒಂದು ಸೊರಡಿ ಫರದೀನಂದು, ಒಂದು ಸುಲತಾನಾಂದು.

ಇಲ್ಲಿ ಮಂದಿ ಐದು ನಿಮಿಷ ಕೊಡತಾರ. ಒಂದು ಕೈಯಾಗ ಫೋನು, ಒಂದು ಕೈಲೆ ಹಾಳಿ ತಿರುವತಾರ. ನಾ ಅವರ ಮುಖ ನೋಡೂದಿಲ್ಲ, ಆ ಕೈ ಎಲ್ಲಿ ನಿಲ್ಲತೈತಿ ಅದನ್ನ ನೋಡಕೋತ ಕುಂದರತೇನಿ. ಮಂಗಳವಾರ ಫರದೀನನ ಸ್ಟೀಲ್ ಭಾಂಡಿ ಫೋಟೋ ಮ್ಯಾಲೆ ಎರಡು ಸಲ ನಿಂತಿತು. ನಮ್ಮನಿಯವರ ಮದುವಿ ಫೋಟೋ ಮ್ಯಾಲೆ ನಿಲ್ಲಲೇ ಇಲ್ಲ, ಇದನ್ನ ಅವರಿಗಿ ಹೇಳಬ್ಯಾಡ್ರಿ, ಎರಡು ದಿನ ಊಟ ಬಿಡತಾರ. ಸುಲತಾನಾನ ಆಲ್ಬಮಿನ್ಯಾಗ ಕಾಕಾನ ಅಂಗಡಿದಾಗ ಹತ್ತಿ ಹಾರೋದು, ಆಡಿನ ಮರಿ, ನೀರು ತರೂ ಹೆಣಮಕ್ಕಳು, ಎಲ್ಲಾ ನೋಡಿದ್ರು. ಚಲೋ ಅದಾವ, ಆದ್ರ ಒಂದರದಾಗೂ ಮುಖ ಇಲ್ಲಲ್ಲ, ಎಲ್ಲಾ ಬೆನ್ನ ಕಡಿಂದ ತಗದಾಳ, ಈಕಿಗಿ ಮುಖ ತಗಿಯಾಕ ಬರತೈತಿಲ್ಲೋ ಅಂದ್ರು. ಬುಧವಾರ ಬ್ಯಾರೆ ಕಡಿ ಹ್ವಾದೆ, ಅಲ್ಲೂ ಅದ ಮಾತು.

ನಾ ಏನು ಹೇಳಲಿ? ನಮ್ಮ ಕಡಿ ಹೆಣಮಕ್ಕಳು ಕ್ಯಾಮೆರಾ ಕಂಡ್ರ ಸೆರಗು ಎಳಕೊಂಡು ತಿರುಗಿ ನಿಲ್ಲತಾರ ಅಂತ ಹೇಳಿದ್ರ ಅವರಿಗಿ ತಿಳೀತೈತೇನು? ಅಕಿ ತಗದಿದ್ದು ಒಂದ ಒಂದು ಮುಖ, ಅದು ನಿಮ್ಮದು. ಒಲಿ ಮುಂದ ಕಾಲು ಚಾಚಿ ಸಜ್ಜಿ ರೊಟ್ಟಿ ಬಡಿಯಾಕತ್ತೀರಿ, ತಲಿ ಮ್ಯಾಲಿನ ಸೆರಗು ಜಾರೇತಿ, ಮುಂದಿನ ಹಲ್ಲು ಬಿದ್ದಿದ್ದು ಸೈತ ಕಾಣೂವಂಗ ನಗಾಕತ್ತೀರಿ. ಆ ಫೋಟೋ ನೀವು ಕಸಗೊಂಡು ಟ್ರಂಕಿನ್ಯಾಗ ಇಟ್ರಿ. ಆಧಾರ ಕಾರ್ಡಿಗಿ ಬಿಟ್ರ ನನ್ನ ಮುಖ ಯಾರಿಗೂ ತೋರಸಬ್ಯಾಡ ಅಂತ ಅಕಿ ಕೈಲೆ ಮಾತು ತಗೊಂಡ್ರಿ. ಅಕಿ ಆ ಮಾತಿಗಿ ತಪ್ಪಲಿಲ್ಲ. ಆಲ್ಬಮಿನ ಕಡೀ ಜಾಗಾ ಖಾಲಿ ಬಿಟ್ಲು. ಅವ್ವಗ ಇನ್ನೊಮ್ಮೆ ಕೇಳು ಅಂತ ನಾ ಅಂದಿದ್ದಕ್ಕ ನನ್ನ ಮ್ಯಾಲೆ ಸಿಟ್ಟಾಗಿ ಎಂಟು ದಿನ ನಮ್ಮನಿಯವರ ಸ್ಟುಡಿಯೋಕ್ಕ ಬಂದಿರಲಿಲ್ಲ.

ನಿನ್ನಿ ಕಡೀ ಏಜೆನ್ಸಿ, ಅಂಧೇರಿದಾಗ. ಎರಡು ತಾಸು ಹೊರಗ ಕುಂದರಸಿದ್ರು. ಹೊಟ್ಟಿ ಚುರುಗುಟ್ಟಾಕತ್ತಿತ್ತು. ನೀವು ಕಟ್ಟಿದ್ದ ಗಂಟು ಚೀಲದಾಗ ಹಂಗ ಇತ್ತು, ಸಜ್ಜಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಆ ಥಂಡ ಏಸಿ ಕೋಣ್ಯಾಗ, ಕಾವಲುಗಾರ ನೋಡೂವಾಗನ, ತೊಡಿ ಮ್ಯಾಲೆ ಗಂಟು ಬಿಚ್ಚಿದೆ. ನಾಕು ರೊಟ್ಟಿ ಎತ್ತಿದ್ರ ತೆಳಗ ಪ್ಲಾಸ್ಟಿಕ್ ಪಾಕೀಟು, ಅದರಾಗ ಅದ ಫೋಟೋ. ಖರೆ ಹೇಳತೇನಿ ಖಾಲಾ, ಮೊದಲ ನನಗ ಸಿಟ್ಟ ಬಂತು. ರೊಟ್ಟಿ ಮುರೀಬಾರದು ಅಂತ ಆಸರಕ್ಕ ಇಟ್ಟಾರ ನೋಡು, ಇಂಥಾ ಫೋಟೋಕ್ಕ ಈ ಗತಿ ಅಂದುಕೊಂಡೆ. ಹೊಳ್ಳಿಸಿ ನೋಡಿದೆ. ಹಿಂದ ಪೆನ್ಸಿಲಿಲೆ ನಿಮ್ಮ ದುಂಡನೆ ಅಕ್ಷರ:

“ದೀಪಾಲಿ, ಬರೇ ನೋಡಲಿಕ್ಕ. ಕೊಡಲಿಕ್ಕಲ್ಲ.”

ರೊಟ್ಟಿ ಬಾಯಾಗ ಇಟಗೊಂಡು ಅಳಾಕ ಹತ್ತಿದೆ. ಕಾವಲುಗಾರ ಹಿಂಡಿ ಖಾರ ಹತ್ತೇತಿ ಅಂತ ತಿಳದು ನೀರು ತಂದು ಕೊಟ್ಟ. ಅವಂಗೂ ಒಂದು ರೊಟ್ಟಿ ಕೊಟ್ಟೆ, ಭಾಳ ಮೆಚ್ಚಿ ತಿಂದ.

ಕೈ ಒರಸಿಕೊಂಡು ಫೋಟೋ ಆ ಖಾಲಿ ಜಾಗಾದಾಗ ಇಟ್ಟೆ. ಒಳಗ ಕರದ್ರು. ಅಲ್ಲಿ ಮುಖ್ಯಸ್ಥಿ ಒಬ್ಬಾಕಿ ವಯಸ್ಸಾದ ಹೆಣಮಗಳು, ಮರಾಠಿಯಾಕಿ. ಹಾಳಿ ತಿರುವಕೋತ ಬಂದು ನಿಮ್ಮ ಫೋಟೋದ ಹತ್ತರ ನಿಂತ್ಲು. ಹಿಡದಿದ್ದ ಫೋನು ಟೇಬಲ್ ಮ್ಯಾಲೆ ಇಟ್ಲು. ಇವರು ಯಾರನ್ನ ನೋಡಿ ಹಿಂಗ ನಗಾಕತ್ತಾರ ಅಂತ ಕೇಳಿದ್ಲು. ಕ್ಯಾಮೆರಾ ಹಿಡದಾಕಿನ್ನ, ತಮ್ಮ ಮಗಳನ್ನ ಅಂದೆ. ಆಮ್ಯಾಲೆ ಬ್ಯಾರೆ ಇಬ್ಬರನ್ನ ಕರದು ತೋರಸಿದ್ಲು. ಅವರಲ್ಲಿ ಒಂದು ಹಿಟ್ಟಿನ ಕಂಪನಿ ಜಾಹೀರಾತು ನಡದೈತಂತ, ಇದ ಫೋಟೋ ಬೇಕು, ಊರೂರಿಗಿ ದೊಡ್ಡ ಬೋರ್ಡ್ ಹಾಕತೇವಿ, ಈಗ ಕಾಗದ ಮಾಡೋಣು ಅಂದ್ಲು.

ಖಾಲಾ, ನಿಮ್ಮ ಮುಂದ ಮುಚ್ಚಿ ಇಡೂದಿಲ್ಲ. ಹೂಂ ಅನ್ನೂ ಮಾತು ಬಾಯಿತನಕಾ ಬಂದಿತ್ತು. ಒಂದು ಹೂಂ ಅಂದ್ರ ಪತಸಂಸ್ಥೆ ತಪ್ಪತಿತ್ತು. ಆದ್ರ ಆ ಎರಡು ಸಾಲು ಬರದ ಕೈ ನೆನಪಾತು. ಫೋಟೋ ಹೊರಗ ತಗದು, ಹೊಳ್ಳಿಸಿ, ನೀವು ಬರದಿದ್ದು ಅಕಿಗಿ ಮರಾಠಿದಾಗ ಓದಿ ಹೇಳಿದೆ. ಇದು ಮಾರೂದಲ್ರಿ, ಇವರು ಮಗಳ ಸಲುವಾಗಿ ಒಂದ್ಸಲ ಮುಖ ತೋರಸ್ಯಾರ ಅಷ್ಟ ಅಂದೆ. ಕೆಲಸ ಹೋತು ಅಂತ ಆಲ್ಬಮ್ ಮುಚ್ಚಾಕ ಹತ್ತಿದೆ.

ಅಕಿ ನನ್ನ ಕೈ ಹಿಡದ್ಲು. “ಫೋಟೋ ಬೇಡ,” ಅಂದ್ಲು, “ಈ ನಗು ತಗದ ಹುಡುಗಿನ್ನ ಕೊಡ್ರಿ.”

ಆಗಸ್ಟಿನ್ಯಾಗ ಹತ್ತು ದಿನದ ಕೆಲಸ. ಜತ್ತ, ವಿಜಯಪುರ ಕಡಿ ಹನ್ನೆರಡು ಮನಿ, ಹನ್ನೆರಡು ಒಲಿ, ಆ ಹಿಟ್ಟಿನ ಕಂಪನಿ ಕ್ಯಾಲೆಂಡರಿಗಿ. ಪ್ರತಿ ಹೆಣಮಗಳಿಗೂ ಮೊದಲ ಕೇಳಬೇಕು, ಒಲ್ಲೆ ಅಂದ್ರ ಬಿಡಬೇಕು ಅಂತ ಕರಾರಿನ್ಯಾಗ ನಾನ ಬರಸೇನಿ. ನಾಳಿ ಕಾಗದ ಕೈಗಿ ಬರತೈತಿ. ಕೆಲಸ ಸಿಕ್ಕಿದ್ದು ಸುಲತಾನಾಗ ಫೋನಿನ್ಯಾಗ ಹೇಳೇನಿ. ಫೋಟೋದ ಸುದ್ದಿ ಹೇಳಿಲ್ಲ. ಅದು ನೀವು ಹೇಳೂದು.

ನೀವು ನನ್ನ ಮ್ಯಾಲೆ ಇಟ್ಟ ವಿಶ್ವಾಸಕ್ಕ ಏನು ಕೊಡಲಿ? ನನ್ನ ಹಡದವ್ವನೂ ನನಗ ಇಷ್ಟು ನಂಬಿ ಏನೂ ಕೊಟ್ಟಿರಲಿಲ್ಲ. ನಿಮ್ಮ ಉಪಕಾರ ದೊಡ್ಡದು, ಬರದು ಮುಗಿಯೂದಿಲ್ಲ. ಫೋಟೋ ಹಾಳಾಗೂದಿಲ್ಲ, ನನ್ನ ಸೀರಿ ಮಡಿಕಿದಾಗ ಸುತ್ತಿ ಇಟ್ಟೇನಿ. ರೊಟ್ಟಿ ಎಲ್ಲಾ ತೀರ್ಯಾವ.

ನಿಮ್ಮ ಮನಿಮಗಳು ಅಂತ ಬರಕೊಳ್ಳಾಕ ಆಸೆ ಇರೂ,
ದೀಪಾಲಿ ಶಂಕರಲಿಂಗ

ತಾ.ಕ.: ಪಾಕೀಟು ಅಂಟಿಸಿದ್ದೆ, ಹರದು ಇದನ್ನ ಬರೀತೇನಿ. ಪತಸಂಸ್ಥೆದ ಆ ಅರ್ಜ ಕಾಕಾಗ ತಂದು ಕೊಟ್ಟಾಕಿ ನಾನ. ಅಲ್ಲಿ ಸಂಚಾಲಕ ಗುರುಲಿಂಗಪ್ಪ ನಮ್ಮ ಸೋದರಮಾವ, ಅವರಿಗಿ ಹೇಳಿ ಜಾಗಾ ಹಿಡಿಸಿದಾಕಿನೂ ನಾನ. ಸುಲತಾನಾಗ ಈ ಫೋಟೋ ಕೆಲಸ ಆಗೂದಲ್ಲ ಅಂತ ನಾ ಹ್ವಾದ ವರ್ಷನ ಲೆಕ್ಕ ಹಾಕಿ ಬಿಟ್ಟಿದ್ದೆ, ಅಕಿ ಮುಂದ ಹೇಳಾಕ ಧೈರ್ಯ ಸಾಲದ ಕಾಕಾನ ಕಡಿಂದ ಹೇಳಿಸಿದೆ. ಆಲ್ಬಮ್ ಹೊತ್ತು ಬಸ್ ಹತ್ತಿದಾಗೂ ನನಗ ನಂಬಿಕಿ ಇರಲಿಲ್ಲ. ಅಂಥಾಕಿ ಕೈಯಾಗ ನೀವು ನಿಮ್ಮ ಮುಖ ಕೊಟ್ಟು ಕಳಸಿದ್ರಿ. ಸೋಮವಾರ ಸೋನ್ಯಾಳಕ್ಕ ಬಂದು ಸುಲತಾನಾನ ಮುಂದ ನಾನ ಒಪ್ಪಿಕೋತೇನಿ. ನೀವು ಕುಂದ್ರು ಅಂದ್ರ ಕುಂದರತೇನಿ, ಇಲ್ಲಂದ್ರ ಫೋಟೋ ನಿಮ್ಮ ಕೈಯಾಗ ಕೊಟ್ಟು ಬಾಗಲದಿಂದನ ಹೋಗತೇನಿ.