ಬೇಲಿಯೊಳಗೆ ಅಪ್ಪ

ಮನೆಯಿಂದ, ಹೊಲಿಗೆ ಮಿಷನ್ನಿನ ಪಕ್ಕದಿಂದ
ಮಂಗಳವಾರ, ಬೆಳಗಿನ ತಿಂಡಿ ಮುಗಿದ ಮೇಲೆ

ಪ್ರೀತಿಯ ಕ್ರೇನಮ್ಮನಿಗೆ,

ಹೇಗಿದ್ದೀಯಾ? ಅಂಗೈಯ ಬೊಬ್ಬೆ ಒಣಗಿತಾ? ಅಷ್ಟೆತ್ತರದ ಕ್ರೇನಿನ ಗಾಜಿನ ಗೂಡಿನಲ್ಲಿ ಕೂತು ಕೆಳಗೆ ನೋಡಿದರೆ ತಲೆ ಸುತ್ತುತ್ತದೆ ಅಂದಿದ್ದೆ, ಈಗ ವಾಸಿಯೇ? ಸರಿಯಾಗಿ ಊಟ ಮಾಡು. ಮೇಲೆ ಹತ್ತಬೇಕು ಅನ್ನುವ ಹೆದರಿಕೆಯಲ್ಲಿ ಅರ್ಧ ಹೊಟ್ಟೆಗೇ ಎದ್ದುಬಿಡುವವಳು ನೀನು, ನನಗೆ ಗೊತ್ತು. ಬಂದರಿನ ಗಾಳಿ ಕೆಟ್ಟದ್ದು, ಕಿವಿಗೆ ಏನಾದರೂ ಕಟ್ಟಿಕೊ. ಇಲ್ಲಿ ನಾವಿಬ್ಬರೂ ಗಟ್ಟಿಮುಟ್ಟಾಗಿದ್ದೇವೆ. ನಮ್ಮ ಟಗರಿಗೆ ಮೇಲಿನ ಇನ್ನೊಂದು ಹಲ್ಲು ಬಂದಿದೆ. ಎತ್ತಿಕೊಂಡವರ ಗದ್ದಕ್ಕೆ ಹಣೆಯಿಂದ ಗುದ್ದುತ್ತಾಳೆ ಅಂತ ನೀನು ಇಟ್ಟ ಹೆಸರು ಈಗ ಸಾಲುತ್ತಿಲ್ಲ. ಮಗಳು ಮೊದಲು ಗುದ್ದಿ ಆಮೇಲೆ ಕಚ್ಚುತ್ತಾಳೆ. ನನ್ನ ಗದ್ದ ನೋಡಿದವರು ಕ್ಷೌರದಂಗಡಿ ಬದಲಾಯಿಸಿ ಅನ್ನುತ್ತಿದ್ದಾರೆ.

ಈಗ ಒಂದು ವಿಷಯ ಗಮನಿಸು. ನಾನು ಈ ಕಾಗದ ಬರೆಯುತ್ತಿರುವುದು ಹಾಡಹಗಲಿನಲ್ಲಿ. ಟಗರು ನಿದ್ದೆ ಮಾಡುತ್ತಿಲ್ಲ. ನನ್ನ ತೊಡೆಯ ಮೇಲಿಲ್ಲ, ಅಕ್ಕನ ಸೊಂಟದ ಮೇಲಿಲ್ಲ, ಪಕ್ಕದ ಮನೆಯಲ್ಲೂ ಇಲ್ಲ. ಇದೇ ಕೋಣೆಯಲ್ಲಿ, ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿ, ತನ್ನ ಪಾಡಿಗೆ ತಾನು ಕೂತು ಒಂದು ಡಬ್ಬದ ಮುಚ್ಚಳವನ್ನು ಇನ್ನೊಂದು ಡಬ್ಬಕ್ಕೆ ಹಾಕಲು ನೋಡುತ್ತಿದ್ದಾಳೆ. ಅದು ಹೊಂದುವುದಿಲ್ಲ. ಅವಳಿಗೂ ಅದು ಗೊತ್ತಾಗಿದೆ ಅಂತ ನನಗೆ ಅನುಮಾನ, ಆದರೂ ಬಿಡುತ್ತಿಲ್ಲ. ಥೇಟ್ ನಿನ್ನ ಹಟ. ನೀನು ನಂಬುವುದಿಲ್ಲ ಅಂತ ಗೊತ್ತಿರುವುದರಿಂದಲೇ ಎಲ್ಲವನ್ನೂ ಬಿಡಿಸಿ ಬರೆಯುತ್ತಿದ್ದೇನೆ. ನಿನ್ನ ರೂಮಿನ ಗೆಳತಿ ರಜೆ ಮುಗಿಸಿ ಮಧ್ಯಾಹ್ನ ವಾಪಸು ಹೊರಡುತ್ತಾಳಂತೆ, ದಾರಿಯಲ್ಲಿ ಇಳಿದು ಕಾಗದ ತೆಗೆದುಕೊಂಡು ಹೋಗುತ್ತೇನೆ ಅಂದಿದ್ದಾಳೆ. ಅಷ್ಟರಲ್ಲಿ ಮುಗಿಸಬೇಕು.

ಭಾನುವಾರ ಅಕ್ಕ ನನ್ನ ಕೈಯಿಂದ ಫೋನು ಕಸಿದುಕೊಂಡು ಗುಂಡಿಯ ಕತೆ ಹೇಳಿಬಿಟ್ಟಳು. ನಿನ್ನ ಜೀವ ಬಾಯಿಗೆ ಬಂದಿರಬೇಕು. 'ಸಾಕು, ನಾನು ಟ್ರೈನಿಂಗ್ ಬಿಟ್ಟು ಶುಕ್ರವಾರದ ಬಸ್ಸಿಗೆ ಬಂದ್‌ಬಿಡ್ತೀನಿ' ಅಂದೆ. ಆಮೇಲೆ ದನಿ ಇಳಿಸಿ, 'ಅವಳಿಗೆ ನನ್ನ ನೆನಪಾದ್ರೂ ಇದ್ಯಾ?' ಅಂತ ಕೇಳಿದೆ. ನಾನು ಬಾಯಿ ತೆರೆಯುವಷ್ಟರಲ್ಲಿ ಹಾಸ್ಟೆಲಿನ ಫೋನಿಗೆ ನಿನ್ನ ಹಿಂದೆ ನಿಂತಿದ್ದವರ ಪಾಳಿ ಬಂತು.

ಗುಂಡಿಯ ವಿಷಯ ಇಷ್ಟು, ಹೋದ ವಾರದ ಮೊದಲಲ್ಲಿ ನಡೆದದ್ದು. ವಾದ್ಯಮೇಳದವರ ಕೋಟುಗಳನ್ನು ನಾನು ಒಪ್ಪಿಕೊಂಡಿದ್ದೇನಲ್ಲ, ಆ ಮೇಳದ ಮೇಸ್ಟ್ರು ಅಳತೆ ನೋಡಲು ಬಂದಿದ್ದರು. ನಾನು ಅವರ ಮುಂದೆ ಮಂಡಿಯೂರಿ ಚಾಕಿನಲ್ಲಿ ಗುರುತು ಹಾಕುತ್ತಿದ್ದೆ. ಕುರ್ಚಿಯ ಮೇಲೆ ಇನ್ನೊಂದು ಕೋಟು ತೂಗುತ್ತಿತ್ತು. ತಿರುಗಿ ನೋಡಿದರೆ ಕೋಟು ನೆಲದ ಮೇಲೆ, ಹಿತ್ತಾಳೆ ಗುಂಡಿಯ ಜಾಗದಲ್ಲಿ ಬರೀ ದಾರ, ಟಗರಿನ ಬಾಯಿ ಬೀಗ ಹಾಕಿದ ಹಾಗೆ ಮುಚ್ಚಿದೆ. ಬೆರಳು ಹಾಕಿ ನೋಡಿದೆ, ಕಚ್ಚಿದಳು, ಗುಂಡಿ ಸಿಗಲಿಲ್ಲ. ಕೊರಳಲ್ಲಿ ಟೇಪು ನೇತಾಡಿಸಿಕೊಂಡು, ಅವಳನ್ನು ಎದೆಗವಚಿಕೊಂಡು ಡಾಕ್ಟರ ಬಳಿ ಓಡಿದೆ. ಒಂದೇ ತೋಳಿನ ಕೋಟಿನಲ್ಲಿ, ಮೈತುಂಬ ಪಿನ್ನು ಚುಚ್ಚಿಕೊಂಡು ಮೇಸ್ಟ್ರು ನನ್ನ ಹಿಂದೆ ಓಡಿದರು. ಡಾಕ್ಟರಮ್ಮ ಎಕ್ಸ್‌ರೇ ತೆಗೆಸಿ, 'ಹೊಟ್ಟೇಲಿ ಗುಂಡಿ ಇಲ್ಲ, ಬರೀ ಗಾಳಿ ಇದೆ. ನೀವು ಮೊದಲು ಕೂತ್ಕೊಳ್ಳಿ, ನೀರು ಕುಡೀರಿ' ಅಂದರು. ಗುಂಡಿಯನ್ನು ಹುಡುಕಿದವಳು ಅಕ್ಕ, ಮಗುವನ್ನು ನೋಡಿಹೋಗಲು ಅವತ್ತೇ ಬಂದಿದ್ದಳು. ಮಿಷನ್ನಿನ ಪೆಡಲ್ಲಿನ ಕೆಳಗೆ ಬಿದ್ದಿತ್ತು. ಅದನ್ನು ನನ್ನ ಕೈಗಿಟ್ಟು ಅವಳು ಬೈಯಲಿಲ್ಲ, ಅದೇ ನನಗೆ ಕಷ್ಟವಾಯಿತು. 'ನೀನು ಹೊಲಿಗೆ ನೋಡ್ಕೊ, ಮಗೂನ ನಾನು ಕರ್ಕೊಂಡು ಹೋಗ್ತೀನಿ. ಅವರಮ್ಮ ಬರೋವರೆಗೂ ನಮ್ಮನೇಲಿರಲಿ' ಅಂದಳು. ಅವಳ ಮನೆಯಿಂದ ಇಲ್ಲಿಗೆ ಅರ್ಧ ದಿನದ ದಾರಿ. ಸ್ವಲ್ಪ ದಿನ ಸಮಯ ಕೊಡು ಅಂತ ಬೇಡಿಕೊಂಡೆ. ಸೋಮವಾರದವರೆಗೆ ಅಂತ ಒಪ್ಪಿ, ಅಲ್ಲಿಯವರೆಗೆ ಮೂಲೆಮನೆಯ ಗೆಳತಿಯ ಹತ್ತಿರ ಉಳಿದುಕೊಂಡಳು.

ಮೊದಲು ಆಟಿಕೆ ಅಂಗಡಿಗೆ ಹೋದೆ. ಅಂಗಡಿಯವನು ಬ್ಯಾಟರಿಯ ಕೋತಿಯೊಂದನ್ನು ಕೊಟ್ಟ. ಅದು ಡೋಲು ಬಾರಿಸುತ್ತದೆ, ಕಣ್ಣಲ್ಲಿ ಕೆಂಪು ದೀಪ ಉರಿಯುತ್ತದೆ. 'ಇದನ್ನ ಮುಂದೆ ಇಟ್ಟುಬಿಡಿ ಸಾರ್, ಮಗು ಅತ್ತ ಇತ್ತ ನೋಡಲ್ಲ' ಅಂದ. ಅವನು ಸುಳ್ಳು ಹೇಳಲಿಲ್ಲ. ಮಗು ಅತ್ತ ಇತ್ತ ನೋಡಲಿಲ್ಲ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಕಿರುಚಿತು. ಕೋತಿ ಈಗ ಬೀರುವಿನ ಮೇಲೆ ಗೋಡೆಗೆ ಮುಖ ಮಾಡಿ ಕೂತಿದೆ. ಆಮೇಲೆ ಹಳೆಯ ಮಂಚದ ಪಟ್ಟಿಗಳನ್ನು ಜೋಡಿಸಿ, ಕೋಣೆಯ ಮೂಲೆಗೆ ಸೊಂಟದೆತ್ತರದ ಬೇಲಿ ಕಟ್ಟಿದೆ. ಅದಕ್ಕೊಂದು ಪುಟ್ಟ ಬಾಗಿಲು, ಚಿಲಕ. ಒಳಗೆ ದಿಂಬು, ಗೊಂಬೆ, ಗಿಲಕಿ, ಮನೆಯಲ್ಲಿದ್ದ ಆಟಿಕೆಯೆಲ್ಲ ಸುರಿದು, ನಡುವೆ ಟಗರನ್ನು ಕೂರಿಸಿದೆ. ಅವಳು ಒಂದನ್ನೂ ಮುಟ್ಟಲಿಲ್ಲ. ಪಟ್ಟಿ ಹಿಡಿದು ನಿಂತು, ನಾನೇನೋ ಅವಳನ್ನು ಜೈಲಿಗೆ ಹಾಕಿದೆ ಅನ್ನುವ ಹಾಗೆ ಅತ್ತಳು. ಆ ಅಳುವಿಗೆ ನಾನು ಹೊಲಿದ ಕಾಲರುಗಳನ್ನು ನೋಡಬೇಕಿತ್ತು. ಒಂದೂ ನೆಟ್ಟಗಿಲ್ಲ, ಎಲ್ಲ ಬಿಚ್ಚಿ ಮತ್ತೆ ಹೊಲಿದೆ.

ಕೊನೆಗೆ ಒಂದು ಮಧ್ಯಾಹ್ನ ತಡೆಯಲಾಗದೆ, ಕೈಯಲ್ಲಿದ್ದ ಕೋಟನ್ನು ಹಿಡಿದುಕೊಂಡೇ ಬೇಲಿಯೊಳಗೆ ಹೋಗಿ ಅವಳ ಪಕ್ಕ ಕೂತೆ. ಅಳು ನಿಂತಿತು. ತೋಳಿನ ಅಂಚಿಗೆ ಕೈಹೊಲಿಗೆ ಹಾಕುತ್ತಾ ಕೂತೆ. ಚಿಲಕ ಹಾಕಲು ಮರೆತಿದ್ದೆ ಅನ್ನುವುದು ಗೊತ್ತಾಗುವಷ್ಟರಲ್ಲಿ ಟಗರು ಅಂಬೆಗಾಲಿಟ್ಟು ಹೊರಗೆ ಹೋಗಿದ್ದಳು. ಎದ್ದು ಹಿಡಿಯೋಣ ಅಂದುಕೊಂಡೆ. ಅವಳು ಕೋಣೆಯ ನಡುವೆ ಕೂತು, ಒಂದು ಖಾಲಿ ರೀಲನ್ನು ಉರುಳಿಸಿ, ನಾನಿದ್ದೇನೋ ಇಲ್ಲವೋ ಅಂತ ಒಮ್ಮೆ ತಿರುಗಿ ನೋಡಿ, ಮತ್ತೆ ಉರುಳಿಸಿದಳು. ಹಾಗೇ ಸುಮಾರು ಹೊತ್ತು. ನಾನು ಒಳಗೆ, ಅವಳು ಹೊರಗೆ, ಇಬ್ಬರಿಗೂ ನೆಮ್ಮದಿ. ಆ ಇಡೀ ತೋಳು ಮುಗಿಯಿತು. ನನಗೆ ಆಗ ಹೊಳೆಯಿತು ನೋಡು, ಕೂಗಿ ಯಾರಿಗಾದರೂ ಹೇಳಬೇಕು ಅನ್ನಿಸಿತು, ಹೇಳಲು ಮನೆಯಲ್ಲಿ ನೀನಿರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ನಾನು ಕಣ್ಣಿಗೆ ಕಾಣುವುದು, ಅಷ್ಟೇ. ಬೇಲಿ ಬೇಕಾಗಿದ್ದದ್ದು ನನಗೆ, ನನ್ನ ಕತ್ತರಿ, ಪಿನ್ನು, ಇಸ್ತ್ರಿಪೆಟ್ಟಿಗೆಗಳಿಗೆ. ಅವತ್ತೇ ಮಿಷನ್ನು, ಕತ್ತರಿಸುವ ಮೇಜು, ಗುಂಡಿಯ ಡಬ್ಬ ಎಲ್ಲವನ್ನೂ ಮೂಲೆಗೆ ಎಳೆದುಕೊಂಡು ಒಳಗಿನಿಂದ ಚಿಲಕ ಹಾಕಿಕೊಂಡೆ. ಉಳಿದ ಕೋಣೆ ಪೂರ್ತಿ ಮಗಳದು. ನೆಲವನ್ನು ಅಂಗೈಯಲ್ಲಿ ಸವರಿ, ಮಂಡಿಯ ಮೇಲೆ ಅವಳ ಎತ್ತರಕ್ಕೆ ತೆವಳಿ, ಬಾಯಿಗೆ ಹೋಗುವಂಥದ್ದು ಏನೂ ಇಲ್ಲ ಅಂತ ನೋಡಿಕೊಂಡೆ. ಮೇಸ್ಟ್ರು ಮಾರನೆಯ ದಿನ ಬಂದು, ಬೇಲಿಯ ಹೊರಗೆ ನಿಂತೇ ಅಳತೆ ಕೊಟ್ಟರು.

ಈಗ ಅವಳ ಆಸ್ತಿ ಏನೇನಿದೆ ಕೇಳು. ಹಾಲಿನ ಪುಡಿಯ ದೊಡ್ಡ ಡಬ್ಬದ ಮುಚ್ಚಳದಲ್ಲಿ ತೂತು ಕೊರೆದು, ಅಂಚನ್ನು ಉಜ್ಜಿ ನಯ ಮಾಡಿ, ಒಳಗೆ ಅಸ್ತರಿನ ಬಣ್ಣಬಣ್ಣದ ತುಂಡುಗಳನ್ನು ತುಂಬಿದ್ದೇನೆ. ಎಲ್ಲ ಗೇಣುದ್ದದವು, ಕುತ್ತಿಗೆಗೆ ಸುತ್ತುವಷ್ಟು ಉದ್ದವಿಲ್ಲ, ಹೆದರಬೇಡ. ಒಂದೊಂದನ್ನೇ ಎಳೆದು ತೆಗೆಯುವುದೇ ಆಟ. ಗೋಡೆಗೆ ನೆಲದ ಮಟ್ಟದಲ್ಲಿ ಒಡೆಯದ ಕನ್ನಡಿ ಹಾಕಿದ್ದೇನೆ. ಅದರಲ್ಲಿರುವ ಮಗುವಿಗೂ ಗುದ್ದುತ್ತಾಳೆ, ಆ ಮಗು ಕೂಡ ಬಿಡುವುದಿಲ್ಲ. ನೀರಿನ ಬಾಟಲಿಯಲ್ಲಿ ಬಣ್ಣದ ನೂಲಿನ ಚೂರು ತೇಲಿಬಿಟ್ಟು ಮುಚ್ಚಳಕ್ಕೆ ಗಟ್ಟಿಯಾಗಿ ಅಂಟು ಹಾಕಿದ್ದೇನೆ, ಅದನ್ನು ಉರುಳಿಸಿಕೊಂಡು ಹಿಂದೆ ಹೋಗುತ್ತಾಳೆ. ಮರದ ಸೌಟು, ತಟ್ಟೆ, ಒಂದು ಖಾಲಿ ರಟ್ಟಿನ ಪೆಟ್ಟಿಗೆ. ಎಲ್ಲವನ್ನೂ ಒಟ್ಟಿಗೆ ಇಟ್ಟರೆ ಯಾವುದನ್ನೂ ಮುಟ್ಟುವುದಿಲ್ಲ. ಎರಡು ಮೂರು ಇಟ್ಟು ಉಳಿದದ್ದನ್ನು ಬಚ್ಚಿಡಬೇಕು. ಬೇಸರ ಬಂದಾಗ ಬದಲಾಯಿಸಿದರೆ ಹಳೆಯ ಸೌಟೇ ಹೊಸ ನೆಂಟನ ಹಾಗೆ ಕಾಣುತ್ತದೆ.

ಇಷ್ಟರಲ್ಲೆಲ್ಲ ನನಗೆ ಕಷ್ಟವಾದದ್ದು ಒಂದೇ, ಬಾಯಿ ಮುಚ್ಚಿಕೊಂಡಿರುವುದು. ನನ್ನ ಬಾಯಿ ನಿನಗೆ ಗೊತ್ತಲ್ಲ. ಅವಳು ಮೊದಲ ಸಲ ಡಬ್ಬದಿಂದ ಕೆಂಪು ತುಂಡು ಎಳೆದಾಗ 'ಭಲೇ ನನ್ನ ರಾಣಿ' ಅಂತ ಕೂಗಿದೆ. ಅವಳು ತುಂಡು ಬಿಟ್ಟು, ಬೇಲಿಯ ಬಳಿ ಬಂದು, ಎತ್ತಿಕೊ ಅಂತ ಕೈ ಚಾಚಿದಳು. ಕೆಲಸ ಕೆಟ್ಟಿತು. ಈಗ ಹಲ್ಲು ಕಚ್ಚಿ ಸುಮ್ಮನಿರುತ್ತೇನೆ. ಅವಳು ನೋಡಿದರೆ ತಲೆಯಾಡಿಸುತ್ತೇನೆ, ನೋಡದಿದ್ದರೆ ಅದೂ ಇಲ್ಲ. ಹಸಿವಾದಾಗ, ನಿದ್ದೆ ಬಂದಾಗ ಈ ಆಟವೆಲ್ಲ ನಡೆಯುವುದಿಲ್ಲ, ಆಗ ಚಿಲಕ ತೆಗೆದು ಹೊರಗೆ ಬರುತ್ತೇನೆ. ಮಧ್ಯೆ ಮಧ್ಯೆ ಬಂದು ಅವಳ ಜೊತೆ ನೆಲದ ಮೇಲೆ ಹೊರಳಾಡುವುದೂ ಇದೆ. ಅದು ಅವಳಿಗಿಂತ ನನಗೇ ಹೆಚ್ಚು ಬೇಕು.

ಒಂದು ನಿಮಿಷ ತಾಳು, ಮುಚ್ಚಳ ನನ್ನ ಕಡೆ ಹಾರಿ ಬಂತು. ಕೊಟ್ಟುಬಂದೆ.

ನಿನ್ನೆಯ ಕತೆ ಹೇಳಬೇಕು. ಅಕ್ಕ ಬೆಳಿಗ್ಗೆಯೇ ಖಾಲಿ ಚೀಲ ಹಿಡಿದು ಬಂದಳು, ಮಗುವಿನ ಬಟ್ಟೆ ತುಂಬಿಕೊಳ್ಳಲು. ಬಾಗಿಲಲ್ಲೇ ನಿಂತು ನನ್ನನ್ನು ನೋಡಿ, 'ಇದೇನೋ, ಇವತ್ತೂ ಸರ್ಕಸ್ಸಿನ ಕರಡಿ ಹಾಗೆ ಕೂತಿದ್ದೀಯಾ' ಅಂದಳು. ನಾನು ಕೈಸನ್ನೆ ಮಾಡಿ ಟಗರಿನ ಕಡೆ ತೋರಿಸಿದೆ. ಬಟ್ಟೆ ಸುತ್ತಿ ಬರುವ ರಟ್ಟಿನ ಕೊಳವೆ ಇರುತ್ತದಲ್ಲ, ಅದರಲ್ಲಿ ಅಗಲವಾದದ್ದೊಂದನ್ನು ಕುರ್ಚಿಗೆ ಓರೆಯಾಗಿ ಬಿಗಿದಿದ್ದೆ. ಮೇಲಿನಿಂದ ಬಟ್ಟೆಯ ಚೆಂಡು ಹಾಕಿದರೆ ಕೆಳಗಿನಿಂದ ಬರಬೇಕು. ನಾನು ಮಾಡಿ ತೋರಿಸಿದ್ದೆ, ಅವಳು ಇನ್ನೂ ಒಮ್ಮೆಯೂ ಮಾಡಿರಲಿಲ್ಲ. ಅಕ್ಕ ನೋಡುತ್ತಿದ್ದ ಹಾಗೆ ಟಗರು ಕುರ್ಚಿ ಹಿಡಿದು ಎದ್ದು ಚೆಂಡನ್ನು ಕೊಳವೆಗೆ ತುರುಕಿದಳು. ಕೆಳಗೆ ಬಗ್ಗಿ ನೋಡಿದಳು. ಚೆಂಡು ಬರಲಿಲ್ಲ, ನಡುವೆ ಸಿಕ್ಕಿಕೊಂಡಿತ್ತು. ಕೈ ಹಾಕಿದಳು, ಎಟುಕಲಿಲ್ಲ. ತುಟಿ ಮುಂದೆ ಬಂತು, ಅಳುವಿಗೆ ಪೀಠಿಕೆ. ಅಕ್ಕ 'ಅಯ್ಯೋ ಕಂದ' ಅಂತ ಮುಂದಕ್ಕೆ ಹೆಜ್ಜೆ ಇಟ್ಟಳು. 'ಅಕ್ಕಾ, ನಿನ್ನ ದಮ್ಮಯ್ಯ, ಮುಟ್ಟಬೇಡ' ಅಂತ ಪಿಸುಗುಟ್ಟಿದೆ. ನನಗಿಂತ ದೊಡ್ಡವಳಿಗೆ ಜನ್ಮದಲ್ಲಿ ಮೊದಲ ಸಲ ಹಾಗೆ ಅಂದದ್ದು. ಅವಳು ನಿಂತಳು. ಟಗರು ಕೊಳವೆಯನ್ನು ನೋಡಿದಳು, ಸಿಟ್ಟು ಬಂತು, ಅಂಗೈಯಲ್ಲಿ ರಪ್ಪನೆ ಹೊಡೆದಳು. ಏನೂ ಆಗಲಿಲ್ಲ. ಇನ್ನೊಂದು ಬಾರಿಸಿದಳು. ಚೆಂಡು ಜಾರಿ ಅವಳ ಕಾಲ ಮೇಲೆ ಬಿತ್ತು. ಅವಳು ಚೆಂಡನ್ನು ನೋಡಿದಳು, ತನ್ನ ಅಂಗೈಯನ್ನು ನೋಡಿದಳು, ಆಮೇಲೆ ಯಾರನ್ನೂ ನೋಡದೆ ತನ್ನಷ್ಟಕ್ಕೆ ನಕ್ಕಳು. ಆ ನಗು ನಮಗಾಗಿ ನಕ್ಕದ್ದಲ್ಲ, ಪೂರ್ತಿ ಅವಳದೇ. ಮತ್ತೆ ಚೆಂಡು ಹಾಕಿದಳು, ಈ ಸಲ ಸಿಕ್ಕಿಕೊಳ್ಳದಿದ್ದರೂ ಹೊಡೆದಳು.

ಅಕ್ಕ ಚೀಲವನ್ನು ಮಡಿಲಲ್ಲಿಟ್ಟುಕೊಂಡು ನೆಲದ ಮೇಲೆ ಕೂತುಬಿಟ್ಟಿದ್ದಳು. 'ನನ್ನ ಮಕ್ಕಳು ಅತ್ತರೆ ಸಾಕು, ಓಡಿ ಹೋಗಿ ಕೈಗೆ ಕೊಡ್ತಿದ್ದೆ ಕಣೋ. ಹೀಗೆ ಕೂತು ನೋಡೋದಕ್ಕೆ ನನಗೆ ಪುರುಸೊತ್ತೇ ಸಿಗಲಿಲ್ಲ' ಅಂದಳು. ಊಟದ ಹೊತ್ತಿಗೆ ನಾನು ಕೇಳದೆಯೇ, 'ಇವಳು ಇಲ್ಲೇ ಇರಲಿ' ಅಂದಳು. ಚೀಲ ಮಾತ್ರ ಖಾಲಿ ಹೋಗಲಿಲ್ಲ. ಕೈಹೊಲಿಗೆ ಬಾಕಿಯಿದ್ದ ಕೋಟುಗಳನ್ನು ಅದರಲ್ಲಿ ತುಂಬಿಕೊಂಡು ಹೋಗಿದ್ದಾಳೆ, ಗುಂಡಿ ತಾನೇ ಹಾಕಿ ಕಳಿಸುತ್ತಾಳಂತೆ.

ಇನ್ನು ನೀನು ದನಿ ಇಳಿಸಿ ಕೇಳಿದ್ದಕ್ಕೆ ಉತ್ತರ. ಆ ಡಬ್ಬದೊಳಗೆ ನಿನ್ನ ಹಳೆಯ ಹಳದಿ ಅಂಗಿಯ ತುಂಡೊಂದಿದೆ, ತೋಳು ಹರಿದಿತ್ತು ಅಂತ ನೀನೇ ಚಿಂದಿಗೆ ಹಾಕಿದ್ದೆ. ನಾನು ಅದನ್ನು ಬೇಕೆಂದು ಹಾಕಲಿಲ್ಲ, ಉಳಿದವುಗಳ ಜೊತೆ ಹೋಯಿತು. ಕೆಂಪು, ನೀಲಿ, ಹಸಿರು ಎಲ್ಲವನ್ನೂ ಎಳೆದು ಎಸೆಯುತ್ತಾಳೆ. ಹಳದಿ ಬಂದರೆ ಎಸೆಯುವುದಿಲ್ಲ. ಮೂಗಿಗೆ ಒತ್ತಿಕೊಂಡು, ಆಮೇಲೆ ಯಾರೂ ಕಿತ್ತುಕೊಳ್ಳದ ಹಾಗೆ ಅದರ ಮೇಲೆ ಕೂತುಬಿಡುತ್ತಾಳೆ. ಭಾನುವಾರ ಫೋನಿನಲ್ಲಿ ನಿನ್ನ ದನಿ ಕೇಳಿದಾಗ ಅಂಬೆಗಾಲಲ್ಲಿ ಓಡಿ ಬಂದು ಬೇಲಿಗೆ ಹಣೆ ಗುದ್ದಿದವಳು ಇವಳೇ. ನೀನು ಆ ಸದ್ದನ್ನು ಏನೋ ಬಿತ್ತು ಅಂದುಕೊಂಡಿರಬೇಕು. ಇದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ನಿನ್ನ ಮೇಲಿನವರಿಗೆಲ್ಲ ನನ್ನ ನಮಸ್ಕಾರ ಹೇಳು. ಅಕ್ಕ ನಿನಗೆ ಆಶೀರ್ವಾದ ತಿಳಿಸಿದ್ದಾಳೆ, ಜೊತೆಗೆ ಎಣ್ಣೆಯ ಶೀಶೆಯನ್ನೂ ಕಳಿಸಿದ್ದಾಳೆ, ಬೊಬ್ಬೆಗೆ ಹಚ್ಚಿಕೊ. ಟಗರು ಕಳಿಸಿದ್ದು ಈ ಹಾಳೆಯ ಮೂಲೆಯಲ್ಲಿದೆ, ಒದ್ದೆಯಾಗಿ ಮುದುಡಿದೆಯಲ್ಲ, ಅದೇ.

ಕಂಬಿಯ ಹಿಂದಿನಿಂದ, ಸುಖವಾಗಿರುವ
ನಿನ್ನ ದರ್ಜಿ

ತಾಜಾ ಕಲಂ: ನಿನ್ನ ಗೆಳತಿ ಬಂದಿದ್ದಾಳೆ, ಬಾಗಿಲಲ್ಲೇ ನಿಂತಿದ್ದಾಳೆ, ಬಸ್ಸಿಗೆ ಹೊತ್ತಾಯಿತು ಅನ್ನುತ್ತಿದ್ದಾಳೆ, ಆದರೂ ಇದನ್ನು ಬರೆಯಲೇಬೇಕು. ಈಗ, ಈ ಗಳಿಗೆಯಲ್ಲಿ, ಟಗರು ಕುರ್ಚಿಯನ್ನು ಬಿಟ್ಟು ನಿಂತಳು. ಎರಡೂ ಕೈಯಲ್ಲಿ ಚೆಂಡಿತ್ತು, ಹಿಡಿದುಕೊಳ್ಳಲು ಕೈ ಖಾಲಿಯಿಲ್ಲ ಅನ್ನುವುದು ಅವಳಿಗೇ ಮರೆತುಹೋಗಿತ್ತು. ನಾವಿಬ್ಬರೂ ಉಸಿರು ಬಿಡದೆ ನೋಡಿದೆವು. ಸ್ವಲ್ಪ ಹೊತ್ತು ತೂಗಾಡಿ, ಧೊಪ್ಪನೆ ಕೂತು, ಆಟ ಮುಂದುವರಿಸಿದಳು. ಹೆಜ್ಜೆ ಇನ್ನೂ ಇಟ್ಟಿಲ್ಲ, ಅದು ನಿನಗೆ ಬಾಕಿ ಇರಬಹುದು, ಇಲ್ಲದಿದ್ದರೂ ಓಟ ಅಂತೂ ಇದ್ದೇ ಇದೆ. ಎಷ್ಟೋ ವರ್ಷ ಬಂದರಿನ ಕಚೇರಿಯ ಕಿಟಕಿಯಿಂದ ಆ ಕ್ರೇನನ್ನು ಕತ್ತೆತ್ತಿ ನೋಡಿದವಳು ನೀನು. ಶುಕ್ರವಾರದ ಬಸ್ಸು ಹತ್ತಬೇಡ. ಕೊನೆಯ ಪರೀಕ್ಷೆ ಮುಗಿಸು, ಅಲ್ಲಿ ಮೇಲೆ ಕೂತು ಒಮ್ಮೆ ಸುತ್ತಲೂ ಕಣ್ತುಂಬ ನೋಡು, ಆಮೇಲೆ ಇಳಿದು ಬಾ.